ಬೀಳುವ ಪಾತ್ರ

ಡಿಜಿಟಲ್ ಮೀಡಿಯಾ ಕಲಿಯಲು ಕಾಲೇಜಿಗೆ ಸೇರಿದವಳು ಮೂರು ವರ್ಷದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಬೀಳುವುದನ್ನು.

ಮುಗ್ಗರಿಸಿ ಬೀಳುವುದು. ಬೆನ್ನ ಮೇಲೆ ಬೀಳುವುದು. ಗುಂಡೇಟು ತಿಂದು ಬೀಳುವುದು. ಯಾರೋ ಎದೆಗೆ ಒದ್ದ ಹಾಗೆ ಹಾರಿ ಬೀಳುವುದು. ನೆಲಕ್ಕೆ ಹಾಸಿದ ಚಾಪೆ ತೆಳ್ಳಗಿತ್ತು. ಮೊಣಕೈಯ ತರಚುಗಾಯ ಒಣಗಿ ಹಕ್ಕಳೆ ಕಟ್ಟುವಷ್ಟರಲ್ಲಿ ಇನ್ನೊಂದು ತಂಡದವರು ಬಾಗಿಲಲ್ಲಿ ನಿಂತಿರುತ್ತಿದ್ದರು.

"ಚುಕ್ಕಿ, ಬಾರೇ ಸ್ವಲ್ಪ. ಎರಡು ಸಾವು ಬೇಕಾಗಿದೆ."

ಚುಕ್ಕಿ ಎಂಬ ಹೆಸರು ಬಂದದ್ದು ಆ ಬಟ್ಟೆಯಿಂದ. ಮೈಗೆ ಅಂಟುವ ಕರಿಯ ಬಟ್ಟೆ. ಭುಜ, ಮೊಣಕೈ, ಸೊಂಟ, ಮಂಡಿ, ಪಾದ, ಎಲ್ಲ ಕೀಲಿಗೂ ಹೊಳೆಯುವ ಒಂದೊಂದು ಚುಕ್ಕಿ. ಕೋಣೆಯ ಸುತ್ತ ಗೋಡೆಗೆ ಕ್ಯಾಮೆರಾಗಳು, ಒಂದೊಂದರ ಕಣ್ಣಿನ ಸುತ್ತಲೂ ಕೆಂಪು ಬೆಳಕಿನ ಬಳೆ. ಆ ಕ್ಯಾಮೆರಾಗಳಿಗೆ ಮನುಷ್ಯರು ಕಾಣುವುದಿಲ್ಲ, ಚುಕ್ಕಿಗಳು ಮಾತ್ರ ಕಾಣುತ್ತವೆ. ಚುಕ್ಕಿಗಳ ಓಡಾಟವನ್ನು ಕಂಪ್ಯೂಟರು ಹಿಡಿದಿಟ್ಟುಕೊಂಡು ಪರದೆಯ ಮೇಲಿನ ಗೊಂಬೆಗೆ ತೊಡಿಸುತ್ತದೆ. ಒಳಗಿದ್ದವರು ಬಿದ್ದರೆ ಗೊಂಬೆ ಬೀಳುತ್ತದೆ. ಒಳಗಿದ್ದವರ ಮೂಗು, ಬಣ್ಣ, ಬೆವರು ಯಾವುದೂ ಪರದೆಗೆ ಬರುವುದಿಲ್ಲ.

ಮೊದಲ ವರ್ಷ ಮೊದಲ ದಿನ ಸರ್ ಆ ಬಟ್ಟೆಯನ್ನು ಎತ್ತಿ ಹಿಡಿದು, "ಯಾರು ಹಾಕ್ಕೋತೀರಾ?" ಎಂದು ಕೇಳಿದ್ದರು. ಎಲ್ಲರೂ ನೆಲ ನೋಡಿದರು. ಅದು ಹಿಂದಿನ ವರ್ಷದವರ ಬೆವರಿನಿಂದ ನಾರುತ್ತಿತ್ತು. ಸರ್ ಕಣ್ಣು ಸಾಲಿನ ಮೇಲೆ ಓಡಿ ಅವಳ ಮೇಲೆ ನಿಂತಿತು. "ನೀ ಬಾರಮ್ಮ. ನಿಮ್ಮೋರಿಗೆ ಮೈಕೈ ಗಟ್ಟಿ ಇರತ್ತೆ." ಅಂದಿನಿಂದ ಆ ಬಟ್ಟೆ ಅವಳದಾಯಿತು. ಒಗೆಯುವುದೂ ಅವಳದೇ ಆಯಿತು.

ಅವಳು ಫೀಸು ಮಾಫಿ ಸೀಟಿನವಳು. ಲ್ಯಾಬಿನಲ್ಲಿ ಒಳ್ಳೆಯ ಕಂಪ್ಯೂಟರುಗಳು ಕಡಿಮೆ ಇದ್ದವು. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೇ ಅವೂ ಸಿಗುತ್ತಿದ್ದವು, ಏಕೆಂದರೆ ಅವರ ಕೆಲಸ ಯಾವಾಗಲೂ ಮುಂದಿರುತ್ತಿತ್ತು. ಅವಳು ಊಟದ ಹೊತ್ತಿನಲ್ಲಿ ಮೂಲೆಯ ಕಂಪ್ಯೂಟರಿನಲ್ಲಿ ಕೂತು ಒಂದು ಕೈಯ ಮಾಡೆಲ್ ಮಾಡುತ್ತಿದ್ದಳು. ಬೆರಳು ಮಡಚಿದರೆ ಗೆಣ್ಣಿನ ಚರ್ಮ ಬಿಗಿಯುವುದು ಕಾಣಬೇಕು. ಅಷ್ಟು ಮಾಡಲು ಒಂದು ವರ್ಷ ಹಿಡಿಯಿತು. ನನಗೂ ಮಾಡೆಲಿಂಗ್ ಕೊಡಿ ಎಂದು ಒಮ್ಮೆ ಕೇಳಿದ್ದಳು. ಸರ್ ನಕ್ಕರು. "ಎಲ್ರೂ ಕೂತ್ಕೊಂಡ್ರೆ ಓಡೋರು ಯಾರಮ್ಮ?"

ತಂಡದ ಲೀಡರ್ ಆಗಿದ್ದ ಹುಡುಗ ಅಷ್ಟನ್ನೂ ಅವಳಿಗೆ ನೇರವಾಗಿ ಹೇಳುತ್ತಿರಲಿಲ್ಲ. "ಬಿಟ್ಟಿ ಸೀಟು ಕೊಟ್ರೆ ಪಕ್ಕದಲ್ಲಿ ಬಿಟ್ಟಿ ಕುರ್ಚಿನೂ ಬೇಕು ಅಂತಾರೆ," ಎಂದು ಪಕ್ಕದವನಿಗೆ ಹೇಳುತ್ತಿದ್ದ. ಅವಳಿಗೆ ಕೇಳುವ ಹಾಗೆ.

ಇಷ್ಟೂ ಅವಳ ಪಾಡು. ಅವಳು ನುಂಗಿದ್ದಳು. ನುಂಗಲಾರದ್ದು ಶುರುವಾದದ್ದು ಅಪ್ಪನಿಂದ.

ಅಪ್ಪ ಸಗಟು ಮಾರುಕಟ್ಟೆಯಲ್ಲಿ ಹಮಾಲಿ. ಮೂಟೆ ಹೊತ್ತು ಹೊತ್ತು ಅವನ ಕತ್ತು ಮುಂದಕ್ಕೆ ಬಾಗಿ ಅಲ್ಲೇ ನಿಂತುಬಿಟ್ಟಿತ್ತು. ಎಡಗಾಲು ಹೊರಕ್ಕೆ ತಿರುಗಿತ್ತು. ಭಾರ ಎತ್ತುವ ಮುಂಚೆ ಬಲಗೈಯನ್ನು ತೊಡೆಗೆ ಒಮ್ಮೆ ಒರೆಸಿಕೊಳ್ಳುವುದು ಅವನ ಅಭ್ಯಾಸ. ಬೆವರು ಇರಲಿ ಬಿಡಲಿ, ಒರೆಸಿಯೇ ಎತ್ತುವುದು.

ಮೂರನೆಯ ವರ್ಷ ವಿಭಾಗಕ್ಕೆ ದೊಡ್ಡ ಪರದೆ ಬಂತು. ಲಾರಿಯಿಂದ ಇಳಿಸಲು ಬಂದ ಆಳುಗಳಲ್ಲಿ ಅಪ್ಪನೂ ಇದ್ದ. ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಸರ್ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದರು.

"ನೋಡ್ರೋ, ನೋಡ್ರೋ ಆ ನಡಿಗೆ! ಒಂದೊಂದು ಹೆಜ್ಜೇಲೂ ಭಾರ ಕಾಣ್ತಿದೆ. ಇದನ್ನ ಕಂಪ್ಯೂಟರ್ ಮುಂದೆ ಕೂತು ಮಾಡೋಕೆ ಬರಲ್ಲ."

"ನಮ್ಮಪ್ಪ ಸರ್," ಎಂದಳು ಅವಳು. ಬಚ್ಚಿಡಬಾರದು ಎಂದು ಹೇಳಿದಳು.

ಸರ್ ಮುಖ ಅರಳಿತು. "ಹೌದಾ? ಹಾಗಾದ್ರೆ ಕೆಲಸ ಸಲೀಸಾಯ್ತು."

ಮುಂದಿನ ವಾರ ಅಪ್ಪ ಕೆಲಸ ಬಿಟ್ಟು ಬಂದ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಕರಿಯ ಬಟ್ಟೆ ತೊಟ್ಟು ಹೊರಗೆ ಬಂದಾಗ ನಾಚಿಕೆಯಿಂದ ಎರಡೂ ಕೈ ಮುಂದಕ್ಕೆ ಹಿಡಿದಿದ್ದ. ಲೀಡರ್ ಚುಕ್ಕಿ ಅಂಟಿಸುತ್ತಾ, "ಅಂಕಲ್, ಮೊದಲು ಕೈ ಎರಡೂ ಅಗಲಕ್ಕೆ ಚಾಚಿ ಸುಮ್ನೆ ನಿಲ್ಬೇಕು. ಅಳತೆ ತಗೊಳ್ಳೋಕೆ," ಎಂದ. ಹೊಸಬರಿಗೆ ಇದು ಬರುವುದಿಲ್ಲ, ತೋಳು ಇಳಿಯುತ್ತದೆ. ಅಪ್ಪ ಒಂದೇ ಸಲಕ್ಕೆ ಕಂಬದ ಹಾಗೆ ನಿಂತ.

"ಸೂಪರ್ ಅಂಕಲ್! ಹೇಗೆ ಬಂತು?"

"ಅಭ್ಯಾಸ ಅಪ್ಪ. ದಿನಾ ಸಂಜೆ ಮಾರ್ಕೆಟ್ ಗೇಟಲ್ಲಿ ಹೀಗೇ ನಿಲ್ಲೋದು. ಕಾಳು ಕದ್ದಿದೀವಾ ಅಂತ ಮೈಯೆಲ್ಲ ತಡವಿ ಬಿಡ್ತಾರೆ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವಳು ನಗಲಿಲ್ಲ.

ಖಾಲಿ ಪೆಟ್ಟಿಗೆ ಹೊರಿಸಿದರು. ನಡಿಗೆ ಸರಿ ಬರಲಿಲ್ಲ ಎಂದು ಒಳಗೆ ಮರಳು ಮೂಟೆ ಇಟ್ಟರು. ಆಮೇಲೆ ಇನ್ನೊಂದು. ಅಪ್ಪ ಕೈಯನ್ನು ತೊಡೆಗೆ ಒರೆಸಿದ, ಎತ್ತಿದ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದ. ಕ್ಯಾಮೆರಾಗಳ ಕೆಂಪು ಬಳೆಗಳು ಅವನನ್ನೇ ನೋಡುತ್ತಿದ್ದವು. ಬಾಯಿಯ ಹತ್ತಿರ ಮೈಕ್ ಹಿಡಿದು ಅವನ ಏದುಸಿರನ್ನೂ ಹಿಡಿದುಕೊಂಡರು.

"ಈಗ ಸಾಯ್ಬೇಕು ಅಂಕಲ್."

"ಹೇಗೆ ಸಾಯ್ಲಿ?"

"ಭಾರ ತಡೀಲಾರದೆ. ಬೆನ್ನಿಗೆ ಏಟು ಬಿದ್ದ ಹಾಗೆ."

"ಅದಾ? ಅದು ಸುಲಭ," ಎಂದ ಅಪ್ಪ. ಪೆಟ್ಟಿಗೆ ಸಮೇತ ಮಂಡಿಯೂರಿ ಮುಖ ಅಡಿಯಾಗಿ ಬಿದ್ದ.

ಚೆನ್ನಾಗಿತ್ತು, ಇನ್ನೊಮ್ಮೆ ಎಂದರು. ಬಿದ್ದ. ಪಕ್ಕಕ್ಕೆ ಬೀಳಿ ಎಂದರು. ಬಿದ್ದ. ಕೈ ಮೇಲೆತ್ತಿ ಬೇಡಿಕೊಳ್ಳುತ್ತಾ ಬೀಳಿ ಎಂದರು. ಅದಕ್ಕೆ ಅಪ್ಪ ಒಂದು ಕ್ಷಣ ತಡೆದ. ಮಗಳ ಕಡೆ ನೋಡಿದ. ಅವಳ ಪಾಸು ಫೇಲು ಇವರ ಕೈಯಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಕೈಯೆತ್ತಿ ಬಿದ್ದ. "ಸಾಲ್ದಿದ್ರೆ ಹೇಳಿ ಸರ್, ಇನ್ನೊಂದು ಸಲ ಸಾಯ್ತೀನಿ."

ಕೊನೆಗೆ ಕಾಗದದ ಲೋಟದಲ್ಲಿ ಟೀ ಕೊಟ್ಟರು. ಅಪ್ಪ ಎಡಗೈಯಲ್ಲಿ ಹಿಡಿದು ಕುಡಿದ. ಆ ವಾರ ಅಪ್ಪ ಬಲ ತೋಳು ಎತ್ತಲಾಗದೆ ಮನೆಯಲ್ಲಿ ಬಿದ್ದುಕೊಂಡ. ಅವ್ವ ಬಿಸಿ ಬಟ್ಟೆ ಕಾವು ಕೊಡುತ್ತಾ, "ಮೂಟೆ ಹೊತ್ತು ಸಾಯೋದು ಸಾಲ್ದು ಅಂತ ಸುಳ್ಳು ಸಾವು ಬೇರೆ ಸತ್ತು ಬಂದಿದೆ ಗಂಡಸು," ಎಂದು ಗೊಣಗಿದಳು.

ಅಪ್ಪನಿಗೆ ನೋವಿಗಿಂತ ಹಿಗ್ಗು ಹೆಚ್ಚಾಗಿತ್ತು. ಮಾರುಕಟ್ಟೆಗೆಲ್ಲ ಸುದ್ದಿ ಹಬ್ಬಿಸಿದ. ನಾನು ಕಂಪ್ಯೂಟರ್ ಪಿಕ್ಚರಲ್ಲಿ ಆಕ್ಟ್ ಮಾಡಿದೀನಿ ಎಂದ. ಹಮಾಲಿಗಳು ಅವನಿಗೆ ಹೀರೋ ಎಂದು ಹೆಸರಿಟ್ಟರು. "ಏಯ್ ಹೀರೋ, ಈ ಮೂಟೆ ಎತ್ತೋ, ಡೂಪ್ ಹಾಕ್ಬೇಡ," ಎನ್ನುತ್ತಿದ್ದರು. ಅಪ್ಪ ಮೂಟೆಯ ಕೆಳಗಿನಿಂದಲೇ ನಗುತ್ತಿದ್ದ.

ಆ ಹಿಡಿದಿಟ್ಟ ನಡಿಗೆಯಿಂದ ಏನು ಮಾಡಿದರು ಎಂಬುದು ಅವಳಿಗೆ ತಿಳಿಯಲಿಲ್ಲ. ಕೆಲಸ ನಡೆಯುತ್ತಿದ್ದದ್ದು ಕಂಪ್ಯೂಟರ್ ಮುಂದೆ ಕೂರುವವರ ಕೋಣೆಯಲ್ಲಿ. ಕೊನೆಯ ಪ್ರಾಜೆಕ್ಟಿನ ಪ್ರದರ್ಶನಕ್ಕೆ ವಾರ ಇದ್ದಾಗ ರಿಹರ್ಸಲ್‌ಗೆ ಕರೆದರು. ಪರದೆ ಹೊತ್ತಿಕೊಂಡಿತು.

ಒಂದು ಉದ್ದನೆಯ ಸೇತುವೆ. ಕೆಳಗೆ ಕಪ್ಪು. ಸೇತುವೆಯ ಮೇಲೆ ಪ್ರಾಣಿಗಳ ದಂಡು. ಎರಡು ಕಾಲಿನವು. ಬೂದಿ ಬಣ್ಣದ ಚರ್ಮ, ಕಣ್ಣಿನ ಜಾಗದಲ್ಲಿ ಬರೀ ಮಾಂಸ, ಜೋತುಬಿದ್ದ ದವಡೆ. ಬೆನ್ನ ಮೇಲೆ ಬಂಡೆ. ಅದೊಂದು ವಿಡಿಯೊ ಗೇಮ್. ಆಟ ಆಡುವವನು ಯಜಮಾನ, ಅವನ ಕೈಯಲ್ಲಿ ಚಾಟಿ. ನಿಧಾನವಾದದ್ದಕ್ಕೆ ಹೊಡೆಯಬೇಕು. ಹೊಡೆದರೆ ಅದು ಬೀಳುತ್ತದೆ. ಮಿಕ್ಕವು ಅದನ್ನು ತುಳಿದು ಮುಂದೆ ಹೋಗುತ್ತವೆ. ಹೆಚ್ಚು ಕೊಂದವನಿಗೆ ಹೆಚ್ಚು ಪಾಯಿಂಟು.

"ಹೇಗಿದೆ ನಮ್ಮ ಹೊರೆಗತ್ತೆ?" ಎಂದ ಲೀಡರ್.

ಮುಂದಿನ ಸಾಲಿನ ಪ್ರಾಣಿಯೊಂದು ಬಂಡೆ ಎತ್ತಲು ಬಗ್ಗಿತು. ಬಗ್ಗುವ ಮುಂಚೆ ತನ್ನ ಉದ್ದ ಉಗುರಿನ ಬಲಗೈಯನ್ನು ತೊಡೆಗೆ ಒರೆಸಿಕೊಂಡಿತು.

ಪಕ್ಕದ್ದೂ ಒರೆಸಿಕೊಂಡಿತು. ಅದರ ಹಿಂದಿನದೂ. ಸೇತುವೆ ಉದ್ದಕ್ಕೂ. ಎಲ್ಲದರ ಎಡಗಾಲೂ ಹೊರಕ್ಕೆ ತಿರುಗಿತ್ತು. ಸ್ಪೀಕರಿನಲ್ಲಿ ಅಪ್ಪನ ಏದುಸಿರು ದಪ್ಪಗಾಗಿ, ಗೊಗ್ಗರಾಗಿ, ಇಡೀ ದಂಡಿನ ಗುರುಗುಟ್ಟುವಿಕೆಯಾಗಿ ಕೇಳುತ್ತಿತ್ತು. ಲೀಡರ್ ಚಾಟಿ ಬೀಸಿದ. ಒಂದು ಪ್ರಾಣಿ ಕೈಯೆತ್ತಿ ಬೇಡಿಕೊಳ್ಳುತ್ತಾ ಮುಖ ಅಡಿಯಾಗಿ ಬಿತ್ತು. ಹಿಂದೆ ಕೂತವರು ಸಿಳ್ಳೆ ಹಾಕಿದರು.

ಅವಳು ಸರ್ ಕೋಣೆಗೆ ಹೋದಳು.

"ಸರ್, ನಮ್ಮಪ್ಪನ ನಡಿಗೆ ತೆಗೆದುಬಿಡಿ. ಬೇಕಾದ್ರೆ ನನ್ನದು ಹಾಕಿ. ನಾನು ಎಷ್ಟು ಸಲ ಬೇಕಾದ್ರೂ ಬೀಳ್ತೀನಿ."

"ಅದು ನಿಮ್ಮಪ್ಪ ಅಲ್ಲ ಕಣಮ್ಮ. ಡೇಟಾ."

"ಅಪ್ಪ ನೋಡೋಕೆ ಬರ್ತಿದಾರೆ ಸರ್. ಮಾರ್ಕೆಟ್‌ನಿಂದ ಇನ್ನಿಬ್ಬರನ್ನ ಕರ್ಕೊಂಡು ಬರ್ತಾರೆ."

"ಬರ್ಲಿ. ಹಿಂದಿನ ಸಾಲಲ್ಲಿ ಕೂರ್ಲಿ. ಮುಖ ಏನ್ ಕಾಣತ್ತಾ? ಯಾರಿಗೆ ಗೊತ್ತಾಗತ್ತೆ?"

"ಅವರಿಗೆ ಗೊತ್ತಾಗತ್ತೆ."

ಸರ್ ಕನ್ನಡಕ ತೆಗೆದು ಒರೆಸಿದರು. "ನೋಡು, ಗೇಮ್ ಕಂಪನಿಯಿಂದ ಅತಿಥಿ ಬರ್ತಿದಾರೆ. ಅವರಿಗೆ ಹಿಡಿಸಿದ್ರೆ ಈ ನಡಿಗೆ, ಈ ಸಾವು ಎಲ್ಲ ಸೆಟ್ ಸಮೇತ ಕೊಂಡ್ಕೋತಾರೆ. ನಾಳೆ ಹತ್ತು ಆಟದಲ್ಲಿ ನಿಮ್ಮಪ್ಪ ಇರ್ತಾನೆ. ಖುಷಿ ಪಡೋದು ಬಿಟ್ಟು ಅಳ್ತೀಯಲ್ಲ."

"ನಾನು ಅಳ್ತಿಲ್ಲ ಸರ್. ನಾನು ಆವತ್ತು ಬಟ್ಟೆ ಹಾಕ್ಕೊಳ್ಳಲ್ಲ."

"ಹಾಕ್ಕೋಬೇಡ. ಕೊನೇ ಪ್ರಾಜೆಕ್ಟ್ ಇಲ್ಲ, ಪಾಸ್ ಇಲ್ಲ. ಇನ್ನೊಂದು ವರ್ಷ ಮಾಫಿ ಸೀಟು ಯಾರು ಕೊಡ್ತಾರೆ, ಮಾರ್ಕೆಟ್ಟಿನವರಾ?" ಸರ್ ದನಿ ಏರಲೇ ಇಲ್ಲ. "ಹೋಗು. ಬಟ್ಟೆ ಒಗೆದಿಡು. ಸ್ಟೇಜ್ ಮೇಲೆ ವಾಸನೆ ಬರ್ಬಾರ್ದು."

ಮನೆಯಲ್ಲಿ ಅಪ್ಪ ಬಿಳಿ ಅಂಗಿಯನ್ನು ಹಾಸಿಗೆಯ ಕೆಳಗೆ ಮಡಚಿಟ್ಟು ಇಸ್ತ್ರಿ ಕೂರಿಸುತ್ತಿದ್ದ.

"ಅಪ್ಪಾ, ನೀನು ಬರ್ಬೇಡ."

"ಯಾಕೆ?"

"ಸುಮ್ನೆ. ಬಹಳ ಜನ ಇರ್ತಾರೆ. ಬೇಜಾರಾಗತ್ತೆ."

ಅಪ್ಪ ಹಾಸಿಗೆ ಸರಿಮಾಡಿ ಅವಳ ಕಡೆ ತಿರುಗಿದ. ಕತ್ತು ಬಾಗಿದ್ದರಿಂದ ಅವನು ಯಾರನ್ನೇ ನೋಡಿದರೂ ಕೆಳಗಿನಿಂದ ಮೇಲೆ ನೋಡಿದ ಹಾಗಿರುತ್ತಿತ್ತು. "ನಾಚಿಕೆ ಆಗತ್ತಾ ಮಗಳೇ? ಹಮಾಲಿ ನಿಮ್ಮಪ್ಪ ಅಂತ?"

ನಿನ್ನನ್ನು ಕತ್ತೆ ಮಾಡಿದ್ದಾರೆ ಅಪ್ಪಾ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ಲಪ್ಪ. ಬಾ," ಎಂದಳು.

ಪ್ರದರ್ಶನದ ಬೆಳಿಗ್ಗೆ ಸಭಾಂಗಣದ ಕಿಟಕಿ ಪರದೆಗಳನ್ನೆಲ್ಲ ಎಳೆದು ಕತ್ತಲೆ ಮಾಡಿದ್ದರು. ವೇದಿಕೆಯ ಸುತ್ತ ಕಂಬಗಳಿಗೆ ಕ್ಯಾಮೆರಾ ಕಟ್ಟಿದ್ದರು. ಅವಳು ಕರಿಯ ಬಟ್ಟೆ ತೊಟ್ಟು ವೇದಿಕೆಯ ಪಕ್ಕ ಸೀರೆಯಷ್ಟು ಅಗಲದ ಬಟ್ಟೆಯ ಮರೆಯಲ್ಲಿ ನಿಂತಿದ್ದಳು. ಒಗೆದದ್ದು ಪೂರ್ತಿ ಒಣಗಿರಲಿಲ್ಲ. ಮೈಗೆ ತಣ್ಣಗೆ ಅಂಟಿತ್ತು.

ಮರೆಯ ಸಂದಿಯಿಂದ ಕೊನೆಯ ಸಾಲು ಕಾಣುತ್ತಿತ್ತು. ಅಪ್ಪ ಬಿಳಿ ಅಂಗಿಯಲ್ಲಿ ಬಂದಿದ್ದ. ಅವನ ಎಡಕ್ಕೆ ಮಾರುಕಟ್ಟೆಯ ಮೀಸೆ ಮಾಮ, ಬಲಕ್ಕೆ ಕುಳ್ಳ ಮಾಮ. ಮೂವರೂ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಯಾವಾಗ ಬರೋದು ನಿನ್ನ ಸೀನು?" ಮೀಸೆ ಮಾಮ ಕೇಳಿದ್ದು ವೇದಿಕೆವರೆಗೂ ಕೇಳಿಸಿತು. ಅವನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ.

"ಸುಮ್ನಿರೋ. ಬರತ್ತೆ."

ಆಟದ ಕೊನೆಯ ಭಾಗವನ್ನು ಲೀಡರ್ ಆ ದಿನದ ವಿಶೇಷ ಎಂದು ಮಾಡಿದ್ದ. ಹಿಡಿದಿಟ್ಟ ನಡಿಗೆ ಅಲ್ಲಿ ಇಲ್ಲ. ಚುಕ್ಕಿ ವೇದಿಕೆಯ ಮೇಲೆ ನಡೆಯುತ್ತಾಳೆ, ಇಡೀ ದಂಡು ಅವಳ ಜೊತೆಜೊತೆಗೇ ನಡೆಯುತ್ತದೆ. ಅವಳು ಬಿದ್ದರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಒಂದೇ ಮೈಗೆ ಅಷ್ಟನ್ನೂ ಕಟ್ಟಿ, ಬೇರೆ ಯಾವ ವ್ಯವಸ್ಥೆಯನ್ನೂ ಇಡದೆ ಬಿಟ್ಟಿದ್ದ. ಅವಳು ಹೇಳಿದಂತೆ ಬೀಳದೆ ಇರಬಹುದು ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ.

ಅತಿಥಿ ವೇದಿಕೆಗೆ ಬಂದ. ದಪ್ಪ ಮನುಷ್ಯ, ನಗುಮುಖ. ಕಣ್ಣು ಮುಚ್ಚುವ ಹೆಡ್‌ಸೆಟ್ಟನ್ನು ಸರ್ ತಾವೇ ಅವನ ತಲೆಗೆ ತೊಡಿಸಿ, ಚಾಟಿಯಾಗುವ ಹಿಡಿಯನ್ನು ಕೈಗೆ ಕೊಟ್ಟರು. ಇನ್ನು ಅವನಿಗೆ ಸಭೆ ಕಾಣದು, ಸೇತುವೆ ಮಾತ್ರ. ಅವನು ಕಂಡದ್ದೇ ದೊಡ್ಡ ಪರದೆಯಲ್ಲಿ ಎಲ್ಲರಿಗೂ.

ದಂಡು ಬಂತು. ಅತಿಥಿ ಹೊಡೆದ. ಒಂದು ಮಂಡಿಯೂರಿ ಬಿತ್ತು. ಇನ್ನೊಂದು ಪಕ್ಕಕ್ಕೆ ಉರುಳಿತು. "ಅರೆ, ಮಜಾ ಇದೆ!" ಎಂದ ಅತಿಥಿ. ಮುಂದಿನ ಸಾಲುಗಳು ನಕ್ಕವು, ಚಪ್ಪಾಳೆ ತಟ್ಟಿದವು.

ಕೊನೆಯ ಸಾಲಿನಿಂದ ಕುಳ್ಳ ಮಾಮನ ದನಿ. "ಲೋ ಹೀರೋ. ಅದು ಕೈ ಒರೆಸ್ಕೊಂಡಿದ್ದು ನೋಡ್ದ್ಯಾ?"

ಅಪ್ಪ ತೊಡೆಯ ಮೇಲಿದ್ದ ಬಲಗೈಯನ್ನು ತೆಗೆದ.

"ಅದರ ಕಾಲು ನೋಡು. ನಿನ್ನ ಕಾಲಲ್ವೇನೋ?"

ಇನ್ನೊಂದು ಪ್ರಾಣಿ ಕೈಯೆತ್ತಿ ಬೇಡಿಕೊಳ್ಳುತ್ತಾ ಬಿತ್ತು. ಮಿಕ್ಕವು ಅದರ ಮೇಲೆ ನಡೆದವು. ಸಭೆ ಓ ಎಂದಿತು. ಅವಳು ಸಂದಿಯಿಂದ ನೋಡುತ್ತಿದ್ದಳು. ಪರದೆಯ ಬೆಳಕು ಅಪ್ಪನ ಮುಖದ ಮೇಲೆ ಬಂದು ಹೋಗುತ್ತಿತ್ತು. ಅವನು ನಗುತ್ತಿರಲಿಲ್ಲ. ಸಿಟ್ಟೂ ಕಾಣಲಿಲ್ಲ. ಯಾರೋ ಎಲ್ಲರೆದುರು ತನ್ನ ಬಟ್ಟೆ ಬಿಚ್ಚಿದಾಗ ಮುಚ್ಚಿಕೊಳ್ಳಲು ಕೈ ಎಲ್ಲಿದೆ ಎಂದು ಹುಡುಕುವವನ ಹಾಗಿದ್ದ.

"ಚುಕ್ಕಿ, ಹೋಗು ಹೋಗು," ಎಂದು ಲೀಡರ್ ಬೆನ್ನಿಗೆ ತಳ್ಳಿದ.

ಅವಳು ವೇದಿಕೆಗೆ ಬಂದು ಸೊಂಟ ಬಗ್ಗಿಸಿ ನಡೆದಳು. ಪರದೆಯ ಮೇಲೆ ಇಡೀ ಸೇತುವೆ ಬಗ್ಗಿ ನಡೆಯಿತು. ಸಭೆ ಉಸಿರು ಹಿಡಿಯಿತು. ಸರ್ ಮೈಕಿನಲ್ಲಿ, "ಒಂದು ದೇಹ, ಒಂದು ದಂಡು. ಇದು ನಮ್ಮ ಮಕ್ಕಳ ಸಾಧನೆ," ಎಂದರು. ಅತಿಥಿ ಚಾಟಿ ಬೀಸಿದ.

ಈಗ ಬೀಳಬೇಕಿತ್ತು.

ಅವಳು ನಿಂತಳು. ದಂಡು ನಿಂತಿತು.

"ಹ್ಯಾಂಗ್ ಆಯ್ತಾ?" ಎಂದ ಅತಿಥಿ. ಮತ್ತೆ ಬೀಸಿದ.

ಅವಳು ಬೆನ್ನು ನೆಟ್ಟಗೆ ಮಾಡಿದಳು. ಆ ಪ್ರಾಣಿಗಳನ್ನು ನೆಟ್ಟಗೆ ನಿಲ್ಲಲಿ ಎಂದು ಯಾರೂ ಕಟ್ಟಿರಲಿಲ್ಲ. ಅವು ನೆಟ್ಟಗಾದಾಗ ಬೆನ್ನಿನ ಚರ್ಮ ಹರಿದು ತೆರೆದುಕೊಂಡಿತು. ಒಳಗೆ ಟೊಳ್ಳು, ಬರೀ ಕಪ್ಪು. ಬಂಡೆಗಳು ಮೈಯೊಳಗೆ ಇಳಿದು ಕಾಣದಾದವು. ಕಣ್ಣಿಲ್ಲದ ಅಷ್ಟೂ ಮುಖಗಳು ಮೇಲೆದ್ದು ಅತಿಥಿಯ ಕಡೆ ತಿರುಗಿದವು. ನಗು ನಿಂತಿತು.

ಅವಳು ಅವನ ಕಡೆ ನಡೆದಳು.

"ಕಟ್ ಮಾಡ್ಲಾ ಸರ್?" ಲೀಡರ್ ಆಗಲೇ ಕಂಪ್ಯೂಟರಿನ ಕೀಲಿಮಣೆಗೆ ಕೈ ಹಾಕಿದ್ದ.

"ಬೇಡ! ಕಂಪನಿಯವರ ಮುಂದೆ ಕಟ್ ಮಾಡ್ತೀಯಾ? ಮರ್ಯಾದೆ ಹೋಗತ್ತೆ." ಸರ್ ಮೈಕನ್ನು ಕೈಯಿಂದ ಮುಚ್ಚಿ ವೇದಿಕೆಯ ಅಂಚಿಗೆ ಬಂದರು. "ಬೀಳೇ. ಬಿದ್ದು ಮುಗಿಸು. ಮಿಕ್ಕಿದ್ದು ಆಮೇಲೆ ಮಾತಾಡೋಣ."

"ಬೀಳಲ್ಲ."

"ಏನಂದೆ?"

"ಬೀಳಲ್ಲ ಅಂದೆ." ಅವಳು ಗಟ್ಟಿಯಾಗಿ ಹೇಳಿದಳು. "ನಮ್ಮಪ್ಪನ್ನ ಇದರಿಂದ ತೆಗೀರಿ. ಎಲ್ಲರ ಮುಂದೆ, ಈಗ. ಆಮೇಲೆ ಬೇಕಾದ್ರೆ ಫೇಲ್ ಮಾಡಿ."

ಅತಿಥಿ ಇದೆಲ್ಲ ಆಟದ ಸದ್ದೆಂದೇ ತಿಳಿದ. ಅವನ ಹಣೆಯಲ್ಲಿ ಬೆವರಿತ್ತು. ಒಂದು ಹೆಜ್ಜೆ ಹಿಂದೆ ಸರಿದ. "ಇವು ಯಾಕೆ ಸಾಯ್ತಿಲ್ಲ?" ಎಂದು ಕೂಗಿ ಕೈಯ ಹಿಡಿಯನ್ನು ಬಲವಾಗಿ ಬೀಸಿದ. ಅವಳು ಆಗ ಅವನಿಂದ ಮೊಳ ದೂರದಲ್ಲಿದ್ದಳು.

ಹಿಡಿ ಅವಳ ಕತ್ತಿನ ಬುಡದ ಮೂಳೆಗೆ ಬಡಿಯಿತು. ಆ ಸದ್ದು ಸ್ಪೀಕರಿನದ್ದಲ್ಲ ಎಂಬುದು ಸಭೆಗೆಲ್ಲ ತಿಳಿಯಿತು.

ಅವಳು ಓಲಾಡಿದಳು. ಪರದೆಯ ಮೇಲೆ ದಂಡೆಲ್ಲ ಓಲಾಡಿತು. ಮೂರು ವರ್ಷದ ಅಭ್ಯಾಸ ಮಂಡಿಗಳನ್ನು ಮಡಚಲು ನೋಡಿತು. ಅವಳು ಪಾದ ಅಗಲಿಸಿ ಊರಿ ನಿಂತಳು. ದಂಡು ಊರಿ ನಿಂತಿತು. ಕರಿಯ ಬಟ್ಟೆಯ ಮೇಲೆ ರಕ್ತ ಇಳಿದರೆ ಕಾಣುವುದಿಲ್ಲ, ಒದ್ದೆ ಮಾತ್ರ ಕಾಣುತ್ತದೆ.

ಅತಿಥಿಯ ಕೈಗೂ ಆ ಪೆಟ್ಟು ಗೊತ್ತಾಗಿತ್ತು. ಅವನ ನಗು ಹೋಯಿತು. "ಏನೋ ತಾಗಿತು. ನಿಜವಾಗ್ಲೂ ತಾಗಿತು. ಯಾರಿದೀರಿ ಅಲ್ಲಿ?" ಹೆಡ್‌ಸೆಟ್ಟಿನ ಪಟ್ಟಿ ಬಿಚ್ಚಲು ನೋಡಿದ. ಅದನ್ನು ಬಿಗಿದದ್ದು ಸರ್, ಬಕಲ್ ಎಲ್ಲಿದೆ ಎಂದು ಅವನಿಗೆ ತಿಳಿಯದು. ಸರ್ ಕಾಲು ಕದಲಲಿಲ್ಲ.

ಕೊನೆಯ ಸಾಲಿನಲ್ಲಿ ಕುರ್ಚಿಗಳು ಸದ್ದು ಮಾಡಿದವು. ಅಪ್ಪ ಎದ್ದಿದ್ದ. ಮೀಸೆ ಮಾಮ ಎದ್ದ, ಕುಳ್ಳ ಮಾಮ ಎದ್ದ. ಮೂವರೂ ನಡುವಿನ ದಾರಿಗೆ ಬಂದರು. ಬಾಗಿಲ ಕಾವಲಿನವನು ಅಡ್ಡ ಬರಲು ಹೋಗಿ, ಮುಖ ನೋಡಿ, ಪಕ್ಕಕ್ಕೆ ಸರಿದ. ಯಾರೂ ಓಡಲಿಲ್ಲ, ಕೂಗಲಿಲ್ಲ. ಭಾರ ಹೊತ್ತು ಪಳಗಿದ ಕಾಲುಗಳು. ಮರದ ನೆಲದ ಮೇಲೆ ಒಂದೊಂದು ಹೆಜ್ಜೆಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು.

ಅತಿಥಿ ಆ ಸದ್ದಿನ ಕಡೆ ತಿರುಗಿದ. ಹೆಡ್‌ಸೆಟ್ಟಿನೊಳಗೆ ಆ ಕಡೆ ಕತ್ತಲೆ ಮಾತ್ರ ಇತ್ತು.

"ಹಿಂದಿನಿಂದಲೂ ಬರ್ತಿದಾವಾ? ನನಗೇನೂ ಕಾಣ್ತಿಲ್ಲ. ಎಷ್ಟಿದಾವೆ? ಯಾರಾದ್ರೂ ಹೇಳ್ರೀ!"

ಯಾರೂ ಹೇಳಲಿಲ್ಲ.